ಬಾಲ ಕತ್ತರಿಸದ ಪತ್ರ

ಟೈಲರಕ್ಕನಿಗೆ ಹುಟ್ಟಿದಾಗ ಇಟ್ಟ ಹೆಸರೊಂದು ಇದ್ದೇ ಇದೆ. ಆದರೆ ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬಿಟ್ಟರೆ ಇನ್ನೆಲ್ಲೂ ಕೆಲಸಕ್ಕೆ ಬಂದದ್ದಿಲ್ಲ. ಲಾಂಡ್ರಿಯ ಯಜಮಾನರಿಂದ ಹಿಡಿದು ಸ್ವಂತ ಅತ್ತೆಯವರೆಗೆ ಎಲ್ಲರಿಗೂ ಅವಳು ಟೈಲರಕ್ಕನೇ. ಸೊಸೆಯನ್ನು ಅಕ್ಕ ಅನ್ನೋದು ಯಾವ ಸೀಮೆ ಪದ್ಧತಿ ಎಂದು ಯಾರೋ ಕೇಳಿದ್ದಕ್ಕೆ, "ಹೆಸರು ಹಿಡಿದು ಕೂಗಿದ್ರೆ ತಿರುಗಿ ನೋಡಲ್ವಲ್ಲಪ್ಪ ಅವಳು" ಎಂದಿದ್ದರು ಆ ಮುದುಕಿ.

ಲಾಂಡ್ರಿಯಲ್ಲಿ ಅವಳ ಜಾಗ ಇಸ್ತ್ರಿ ಮೇಜಿಗೂ ಪ್ಲಾಸ್ಟಿಕ್ ಹೊದ್ದು ನೇತಾಡುವ ಕೋಟುಗಳಿಗೂ ನಡುವೆ. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಗೋಡೆಗೆ ಹೊಡೆದ ಮೊಳೆಗಳಲ್ಲಿ ಬಣ್ಣಬಣ್ಣದ ದಾರದ ಉಂಡೆಗಳು. ಕಿತ್ತುಹೋದ ಜಿಪ್ಪು ಬದಲಿಸುವುದು, ಪ್ಯಾಂಟಿನ ಕಾಲು ಮಡಚಿ ಹೊಲಿಯುವುದು, ಸೊಂಟ ಸಡಿಲಿಸುವುದು ಅವಳ ಕೆಲಸ. ಬೀದಿಯಲ್ಲಿ ಯಾರ ಹೊಟ್ಟೆ ಎಷ್ಟು ಮುಂದಕ್ಕೆ ಬಂದಿದೆ ಎಂಬುದು ಡಾಕ್ಟರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಅಂಚು ಒಂದು ನೂಲಿನಷ್ಟು ಓರೆಯಾದರೂ ಬಿಚ್ಚಿ ಮತ್ತೆ ಹೊಲಿಯುವ ಜಾತಿ ಅವಳದು. ಗಿರಾಕಿ ಅವಸರ ಮಾಡಿದರೆ, "ಓರೆ ಹಾಕ್ಕೊಂಡು ಹೋಗ್ತೀರಾ? ಹೋಗಿ. ನಾನು ಹೊಲಿದಿದ್ದು ಅಂತ ಮಾತ್ರ ಎಲ್ಲೂ ಹೇಳ್ಬೇಡಿ" ಎನ್ನುವಳು.

ಇಂಥವಳ ಕೈಗೆ ಒಂದು ಇಮೇಲ್ ಬಳಗ ಸಿಕ್ಕಿತು. ಹಳೆಯ ಹೊಲಿಗೆ ಯಂತ್ರಗಳನ್ನು ಇಟ್ಟುಕೊಂಡವರ, ರಿಪೇರಿ ಮಾಡುವವರ, ಅಜ್ಜಿಯ ಯಂತ್ರ ಅಟ್ಟದಿಂದ ಇಳಿಸಿ ಮುಂದೇನು ಎಂದು ಕಣ್ಣು ಬಿಡುವವರ ಬಳಗ. ಒಬ್ಬರು ಪತ್ರ ಹಾಕಿದರೆ ಮುನ್ನೂರು ಚಿಲ್ಲರೆ ಮಂದಿಯ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ಯಾರಾದರೊಬ್ಬರು ಉತ್ತರಿಸಿದರೆ ಅದೂ ಎಲ್ಲರಿಗೂ ಹೋಗುತ್ತದೆ. ಇದನ್ನು ಶುರು ಮಾಡಿದ್ದ ಬಿಡಿಭಾಗದ ವ್ಯಾಪಾರಿ ಜಗಳ ಬಿಡಿಸಿ ಬಿಡಿಸಿ ಸಾಕಾಗಿ, ಬಳಗದ ಬೀಗದ ಕೈ, ಅಂದರೆ ಪಾಸ್‌ವರ್ಡು, ಟೈಲರಕ್ಕನಿಗೆ ಕೊಟ್ಟು ಕೈತೊಳೆದುಕೊಂಡಿದ್ದರು.

ಅವಳು ಬಂದವಳೇ ನಿಯಮ ಬರೆದಳು. ಉತ್ತರ ಬರೆಯುವಾಗ ಕೆಳಗೆ ನೇತಾಡುವ ಹಳೆಯ ಪತ್ರಗಳ ಬಾಲ ಕತ್ತರಿಸಿ. ವಿಷಯದ ಸಾಲಿನಲ್ಲಿ ವಿಷಯವನ್ನೇ ಬರೆಯಿರಿ. ಕೇಳಿದ್ದನ್ನೇ ಕೇಳಬೇಡಿ, ಮೊದಲು ಹಳೆಯ ಪತ್ರಗಳಲ್ಲಿ ಹುಡುಕಿ. ಬರೀ 'ಥ್ಯಾಂಕ್ಸ್', 'ಸರಿಹೋಯಿತು', 'ನನಗೂ ಹಾಗೇ ಆಯಿತು' ಎಂಬ ಒಂದು ಸಾಲಿನ ಪತ್ರಗಳಿಂದ ಎಲ್ಲರ ಪೆಟ್ಟಿಗೆ ತುಂಬಬೇಡಿ. ನಿಮಗೊಬ್ಬರಿಗೇ ಬಂದ ಪತ್ರವನ್ನು ಬರೆದವರನ್ನು ಕೇಳದೆ ಹಂಚಬೇಡಿ. ಯಾರದಾದರೂ ತಪ್ಪು ಕಂಡರೆ ಅವರಿಗೆ ಮಾತ್ರ ಬರೆಯಿರಿ: ಕಿವಿಯಲ್ಲಿ ಹೇಳುವುದನ್ನು ಬೀದಿಯಲ್ಲಿ ಹೇಳುವುದು ಮರ್ಯಾದೆಯಲ್ಲ. ಈ ಕೊನೆಯದು ಬರೆದಾಗ ಅವಳಿಗೆ ತನ್ನ ಬಗ್ಗೆಯೇ ಹೆಮ್ಮೆಯಾಗಿತ್ತು. ಬಳಗ ನಿಜವಾಗಿಯೂ ತಣ್ಣಗಾಯಿತು. ಬೆನ್ನ ಹಿಂದೆ ಅವಳನ್ನು ಹೆಡ್‌ಮಿಸ್ಸು ಎನ್ನುತ್ತಿದ್ದರು. ಅವಳಿಗದು ತಿಳಿದಿತ್ತು, ಒಳಗೊಳಗೇ ಖುಷಿಯೂ ಇತ್ತು.

ಬಳಗದಲ್ಲಿ ಒಬ್ಬ ಮುದುಕರಿದ್ದರು. ಗುಂಡಿ, ಹುಕ್ಕು, ಲೇಸು ಮಾರುವ ಸಣ್ಣ ಅಂಗಡಿ ಇಟ್ಟಿದ್ದವರು, ಎಲ್ಲರಿಗೂ ಗುಂಡಿಮಾಮ. ಅವರ ಪತ್ರಗಳಿಗೆಲ್ಲ ಒಂದೇ ವಿಷಯ: 'ನಮಸ್ಕಾರ'. ಬಾಲವಂತೂ ನೆಲ ಗುಡಿಸುವಷ್ಟು ಉದ್ದ. ದಾರ ಯಾಕೆ ತುಂಡಾಗುತ್ತದೆ ಎಂದು ಯಾರಾದರೂ ಕೇಳಿದರೆ, ಸೂಜಿ ತಿರುಗುಮುರುಗಾಗಿದೆ ನೋಡಿ ಎಂಬ ಒಂದು ಸಾಲು, ಆಮೇಲೆ ಲೇಸಿನ ಡಬ್ಬದಲ್ಲಿ ಮಲಗಿದ ಬೆಕ್ಕಿನ ವಿಷಯ ಹತ್ತು ಸಾಲು. ಟೈಲರಕ್ಕ ಹಲ್ಲು ಕಚ್ಚಿಕೊಂಡು ಸಹಿಸಿದಳು. ಒಂದು ದಿನ ತಡೆಯಲಾಗದೆ ಬರೆದಳು: "ಗುಂಡಿಮಾಮನವರ ಗಮನಕ್ಕೆ. ಇದು ಹೊಲಿಗೆ ಯಂತ್ರದ ಬಳಗ, ಬೆಕ್ಕಿನ ಬಳಗವಲ್ಲ. ನಿಯಮ ಓದಲು ಬಾರದಿದ್ದರೆ ಯಾರಿಂದಾದರೂ ಓದಿಸಿಕೊಳ್ಳಿ." ಬರೆದದ್ದು ಅವರ ಕಿವಿಯಲ್ಲಲ್ಲ, ಬೀದಿಯಲ್ಲಿ, ಮುನ್ನೂರು ಜನರ ಮುಂದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಚ್ಚಲಿಗೆ ಬಿದ್ದಂತೆ. ಆದರೆ ಹಲ್ಲಿಗೆ ಅದು ಗೊತ್ತಾಗಲಿಲ್ಲ. ಇಬ್ಬರು ಮೂವರು ನಗುವ ಮುಖದ ಚಿತ್ರ ಕಳಿಸಿದರು. ಗುಂಡಿಮಾಮ ಆಮೇಲೆ ಬಳಗಕ್ಕೆ ಒಂದಕ್ಷರ ಬರೆಯಲಿಲ್ಲ.

ಇದಾದ ಸ್ವಲ್ಪ ಸಮಯಕ್ಕೆ ಯಾರೋ ಕೇಳಿದರು: ಬಂಗಾರದ ಹೂಬಳ್ಳಿ ಬಿಡಿಸಿದ ಹಳೆಯ ಕಪ್ಪು ಯಂತ್ರಕ್ಕೆ ಜಿಡ್ಡು ಹಿಡಿದಿದೆ, ಹೇಗೆ ತೆಗೆಯುವುದು? ಟೈಲರಕ್ಕ ಉತ್ತರ ಕೊಟ್ಟಳು. "ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿ. ಕನ್ನಡಿಯ ಹಾಗೆ ಹೊಳೆಯುತ್ತದೆ. ನಾನೇ ಮಾಡಿ ನೋಡಿದ್ದೇನೆ." ಸುಳ್ಳಲ್ಲ. ತನ್ನ ಮನೆಯ ಯಂತ್ರವನ್ನು ಅವಳು ಹಾಗೆಯೇ ಒರೆಸಿದ್ದಳು, ಅದು ಹೊಳೆದೂ ಇತ್ತು. ಯಾರೂ ಎದುರಾಡಲಿಲ್ಲ. ಆ ಪತ್ರ ಹಳೆಯ ಪತ್ರಗಳ ರಾಶಿಗೆ ಸೇರಿ, ಹುಡುಕಿದವರಿಗೆಲ್ಲ ಮೊದಲು ಸಿಗುವ ಉತ್ತರವಾಯಿತು.

ಬೇಸಿಗೆ ಶುರುವಾದಾಗ ಅವಳೊಬ್ಬಳಿಗೇ ಒಂದು ಪತ್ರ ಬಂತು. ವಿಷಯದ ಸಾಲಿನಲ್ಲಿ ವಿಷಯ ಇತ್ತು: 'ಸ್ಪಿರಿಟ್‌ನಿಂದ ಒರೆಸುವ ಬಗ್ಗೆ'. ಬಾಲವನ್ನು ನೀಟಾಗಿ ಕತ್ತರಿಸಲಾಗಿತ್ತು. ಬೆಕ್ಕು ಇರಲಿಲ್ಲ. ಬರೆದವರು ಗುಂಡಿಮಾಮ ಎಂದು ನಂಬಲು ಅವಳು ಎರಡು ಸಲ ನೋಡಬೇಕಾಯಿತು.

"ಅಮ್ಮಾ, ತುಂಬಾ ಹಳೆಯ ಕಪ್ಪು ಯಂತ್ರಗಳಲ್ಲಿ ಬಂಗಾರದ ಹೂಗಳ ಮೇಲೆ ಅರಗಿನ ಮೆರುಗು ಹೊಡೆದಿರುತ್ತಾರೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಹೂವೂ ಅದರ ಜೊತೆಗೇ ಎದ್ದು ಬರುತ್ತದೆ. ನಿಮ್ಮ ಯಂತ್ರ ಆಮೇಲಿನ ಕಾಲದ್ದಿರಬೇಕು, ಅದರ ಬಣ್ಣ ಬೇರೆ, ಅದಕ್ಕೇ ಉಳಿದುಕೊಂಡಿದೆ. ನಾನು ನನ್ನ ಹೆಂಡತಿಯ ಯಂತ್ರವನ್ನು ಹಾಗೆಯೇ ಹಾಳುಮಾಡಿ ಆಮೇಲೆ ಕಲಿತೆ. ಹೊಲಿಗೆ ಯಂತ್ರದ ಎಣ್ಣೆ, ಮೆತ್ತನೆ ಬಟ್ಟೆ, ಸ್ವಲ್ಪ ತಾಳ್ಮೆ, ಇಷ್ಟು ಸಾಕು. ನಿಮ್ಮ ನಿಯಮದಂತೆ ಕಿವಿಯಲ್ಲಿ ಹೇಳುತ್ತಿದ್ದೇನೆ. ಎಲ್ಲರಿಗೂ ನೀವೇ ತಿಳಿಸಿದರೆ ಚೆಂದ."

ಓದುತ್ತಿದ್ದಂತೆ ಅವಳ ಕಿವಿ ಬಿಸಿಯಾಯಿತು. ಹೇಳಿದವರು ಬೇರೆ ಯಾರೇ ಆಗಿದ್ದರೂ ಅಂದೇ ತಿದ್ದುತ್ತಿದ್ದಳೇನೋ. ಆದರೆ ಯಾರಿಗೆ ನಿಯಮ ಓದಲು ಬಾರದು ಎಂದಿದ್ದಳೋ ಅವರೇ ಹೇಳಿದ್ದರು, ಅದೂ ಒಂದೂ ನಿಯಮ ಮುರಿಯದೆ. "ತಿಳಿಸಿದ್ದಕ್ಕೆ ವಂದನೆ. ನೋಡುತ್ತೇನೆ" ಎಂದು ಉತ್ತರಿಸಿದಳು. ನೋಡಲಿಲ್ಲ. ಹಳೆಯ ಮಾತು, ಕೇಳಿದವರು ಅಂದೇ ಒರೆಸಿ ಮುಗಿಸಿರುತ್ತಾರೆ, ಈಗ ಕೆದಕಿ ಏನು ಪ್ರಯೋಜನ ಎಂದು ಸಮಾಧಾನ ಮಾಡಿಕೊಂಡಳು. ಮಾಡಿಕೊಂಡ ಸಮಾಧಾನ ನಿಲ್ಲದೆ ಆಗಾಗ ಬಿಸಿ ತುಪ್ಪದ ಹಾಗೆ ಗಂಟಲಿಗೆ ಬರುತ್ತಿತ್ತು. ನುಂಗಲೂ ಆಗದು, ಉಗುಳಲೂ ಆಗದು. ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು.

ಚಳಿ ಶುರುವಾದ ಮೇಲೆ ಒಂದು ಸಂಜೆ, ಲಾಂಡ್ರಿಯಿಂದ ಬಂದು ಕಾಲು ತೊಳೆದು ಕಂಪ್ಯೂಟರ್ ಮುಂದೆ ಕೂತಾಗ, ಅವಳೊಬ್ಬಳಿಗೇ ಇನ್ನೊಂದು ಪತ್ರ ಬಂದಿತ್ತು. ಬರೆದವಳು ಬಳಗಕ್ಕೆ ಹೊಸದಾಗಿ ಸೇರಿದ ಹುಡುಗಿ, ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೆಲಸ ಮಾಡುವವಳು.

"ಅಕ್ಕ, ನಿಯಮದಂತೆ ಮತ್ತೆ ಕೇಳದೆ, ಹಳೆಯ ಪತ್ರ ಹುಡುಕಿ ಓದಿ, ಅಮ್ಮನ ಮಿಷನ್ನನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಹೂಗಳೆಲ್ಲ ಹತ್ತಿಗೆ ಬಂದುಬಿಟ್ಟವು. ನಾನು ಎಲ್ಲೋ ತಪ್ಪು ಮಾಡಿರಬೇಕು. ಜಾಸ್ತಿ ಉಜ್ಜಿದೆನಾ? ಹತ್ತಿ ಒರಟಾಗಿತ್ತಾ? ಅಮ್ಮ ಇದರಲ್ಲೇ ರವಿಕೆ, ಫ್ರಾಕು ಹೊಲಿದು ನನ್ನನ್ನು ಓದಿಸಿದ್ದು. ಚಿಕ್ಕವಳಿದ್ದಾಗ ಅಮ್ಮ ಹೊಲಿಯುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು ಆ ಹೂವಿನ ಎಸಳುಗಳ ಮೇಲೆ ಬೆರಳಿಟ್ಟು ಎಣಿಕೆ ಕಲಿತೆ. ಅಮ್ಮ ಕಣ್ಣಿನ ಆಪರೇಷನ್ ಆಗಿ ಈಗ ನನ್ನ ಸ್ವಂತ ಅಕ್ಕನ ಮನೆಯಲ್ಲಿದ್ದಾರೆ, ಭಾನುವಾರ ಬರುತ್ತಾರೆ. ಪೊರೆ ತೆಗೆದ ಕಣ್ಣಿಗೆ ಮಿಷನ್ ಹೊಳೆಹೊಳೆಯುತ್ತ ಕಾಣಲಿ ಅಂತ ಮಾಡಿದೆ. ಈ ಹೂಗಳನ್ನು ವಾಪಸ್ ತರಿಸಲು ದಾರಿ ಇದೆಯಾ? ನನ್ನ ತಪ್ಪಿನಿಂದ ಎಲ್ಲರಿಗೂ ತೊಂದರೆ ಬೇಡ ಅಂತ ನಿಮಗೆ ಮಾತ್ರ ಬರೆಯುತ್ತಿದ್ದೇನೆ. ಕ್ಷಮಿಸಿ."

ಕ್ಷಮಿಸಿ! ಟೈಲರಕ್ಕನಿಗೆ ಆ ಮಾತು ಕಪಾಳಕ್ಕೆ ಹೊಡೆದ ಹಾಗಾಯಿತು. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಈ ಹುಡುಗಿ ಒಂದೊಂದು ನಿಯಮವನ್ನೂ ಕಣ್ಣಿಗೊತ್ತಿಕೊಂಡು ಪಾಲಿಸಿ, ಅಮ್ಮನ ಯಂತ್ರ ಹಾಳುಮಾಡಿಕೊಂಡು, ಈಗ ತಾನೇ ಕೈಮುಗಿದು ನಿಂತಿದ್ದಾಳೆ. ಮತ್ತೆ ಕೇಳಿದ್ದರೆ ಯಾರಾದರೊಬ್ಬರು ಬೇಡ ಎನ್ನುತ್ತಿದ್ದರು. ಗುಂಡಿಮಾಮ ಬಳಗಕ್ಕೆ ಬರೆಯುತ್ತಿದ್ದರೆ ಬೆಕ್ಕಿನ ಕಥೆಯ ನಡುವೆಯಾದರೂ ಹೇಳುತ್ತಿದ್ದರು. ಹೇಳುವ ಬಾಯಿ, ಕೇಳುವ ಬಾಯಿ ಎರಡಕ್ಕೂ ಬೀಗ ಹಾಕಿದವಳು ತಾನೇ.

ಮರುದಿನ ಲಾಂಡ್ರಿಯಲ್ಲಿ ಒಂದು ಕೋಟಿನ ಅಸ್ತರು ಹೊಲಿಯಬೇಕಿತ್ತು. ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಸ್ಪಿರಿಟ್ ವಾಸನೆ ಬಂದಂತಾಗಿ ತಲೆಯೆತ್ತಿದರೆ, ಯಜಮಾನರು ಕಾಲರಿನ ಶಾಯಿ ಕಲೆ ತೆಗೆಯುತ್ತಿದ್ದರು.

"ಏನ್ ಟೈಲರಕ್ಕ, ಇವತ್ತು ಮಿಷನ್ನಿಗಿಂತ ನಿಮ್ಮ ನಿಟ್ಟುಸಿರೇ ಜೋರಾಗಿದೆ" ಎಂದರು.

"ನೀವು ಶೀಸೆ ಮುಚ್ಚಳ ಹಾಕಿ ಮೊದ್ಲು" ಎಂದು ರೇಗಿದಳು. ಪಾಪ, ಅವರಿಗೇನು ಗೊತ್ತು.

ಒಂದು ಕೆಟ್ಟ ಯೋಚನೆಯೂ ಬಂದದ್ದನ್ನು ಮುಚ್ಚಿಡಬಾರದು. ಬೀಗದ ಕೈ ಅವಳದೇ. ಹಳೆಯ ಪತ್ರಗಳ ರಾಶಿಯಿಂದ ಆ ಒಂದು ಪತ್ರವನ್ನು ಸದ್ದಿಲ್ಲದೆ ಅಳಿಸಿಬಿಟ್ಟರೆ? ಇನ್ನು ಮುಂದೆ ಯಾರಿಗೂ ಸಿಗುವುದಿಲ್ಲ, ಯಾರ ಯಂತ್ರವೂ ಹಾಳಾಗುವುದಿಲ್ಲ, ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಸಂಜೆ ಮನೆಗೆ ಬಂದು ಆ ಪತ್ರ ತೆರೆದು, ಬೆರಳನ್ನು ಅಳಿಸುವ ಗುಂಡಿಯ ಮೇಲೂ ಇಟ್ಟಳು. ಆಗ ಹುಡುಗಿಯ ನೆನಪಾಯಿತು. ಎಲ್ಲಿ ತಪ್ಪಿದೆ ಎಂದು ನೋಡಲು ಅವಳು ಆ ಪತ್ರವನ್ನು ಮತ್ತೆ ಹುಡುಕುತ್ತಾಳೆ. ಸಿಗದಿದ್ದರೆ ಓದಿದ್ದೇ ಸುಳ್ಳೋ ಏನೋ ಎಂದು ತನ್ನ ಕಣ್ಣನ್ನೇ ಅನುಮಾನಿಸುತ್ತಾಳೆ. ಟೈಲರಕ್ಕ ಬೆರಳು ಹಿಂದಕ್ಕೆ ತೆಗೆದುಕೊಂಡಳು.

ಹಾಗೆ ಕೂತಿದ್ದಾಗಲೇ ಬಳಗಕ್ಕೆ ಹೊಸ ಪತ್ರವೊಂದು ಬಂದು ಬಿತ್ತು. ಬರೆದವರು ಯಾವುದೋ ಹೊಲಿಗೆ ಶಾಲೆಯ ಮೇಷ್ಟ್ರು. ಶಾಲೆಯ ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಪ್ಪು ಯಂತ್ರಗಳನ್ನೆಲ್ಲ ಹೊರಗೆ ತೆಗೆದಿದ್ದಾರಂತೆ, ಪ್ರದರ್ಶನಕ್ಕೆ ಇಡುತ್ತಾರಂತೆ. "ಅಡ್ಮಿನ್ ಅಕ್ಕನ ಹಳೆಯ ಪತ್ರ ಸಿಕ್ಕಿತು. ಸ್ಪಿರಿಟ್ ತರಿಸಿಟ್ಟಿದ್ದೇವೆ. ಶನಿವಾರ ಬೆಳಿಗ್ಗೆ ಮಕ್ಕಳೆಲ್ಲ ಸೇರಿ ಒರೆಸುತ್ತಾರೆ. ಆಮೇಲೆ ಫೋಟೋ ಕಳಿಸುತ್ತೇವೆ." ಅಂದು ಗುರುವಾರ.

ಗಂಡ ಆಗತಾನೇ ಅಂಗಡಿ ಮುಚ್ಚಿ ಬಂದು ಅಂಗಿಯಿಂದ ಕೂದಲು ಕೊಡವುತ್ತಿದ್ದ. ಅವನು ಕ್ಷೌರಿಕ. ದಿನವಿಡೀ ಮಾತಾಡಿ ಬಂದರೂ ಮನೆಗೆ ಇನ್ನಷ್ಟು ಮಾತು ಮಿಕ್ಕಿರುತ್ತಿತ್ತು. ಅವಳು ಎಲ್ಲವನ್ನೂ ಹೇಳಿದಳು, ಗುಂಡಿಮಾಮನ ಪತ್ರವೊಂದನ್ನು ಬಿಟ್ಟು.

"ನನ್ನಿಂದ ತಪ್ಪಾಗಿದೆ ರೀ. ಆ ಮೇಷ್ಟ್ರಿಗೆ ಮಾತ್ರ ಗುಟ್ಟಾಗಿ ಬರೆದು ನಿಲ್ಲಿಸ್ಬಿಡ್ತೀನಿ. ಹುಡುಗಿಗೂ ಒಂದು ಸಾಲು ಬರೀತೀನಿ. ಎಲ್ಲರಿಗೂ ಯಾಕೆ?"

ಗಂಡ ಕುರ್ಚಿ ಎಳೆದುಕೊಂಡು ಕೂತ. "ನೋಡೇ, ಗಿರಾಕಿ ಕಿವಿಗೆ ಕತ್ತರಿ ತಾಗಿಸಿದ್ರೆ ಆ ಕುರ್ಚಿ ಹತ್ರಾನೇ ತಪ್ಪಾಯ್ತು ಅನ್ಬೇಕು. ಕಾಯ್ತಾ ಕೂತಿರೋರೆಲ್ಲ ಕೇಳಿಸ್ಕೊಳ್ಲಿ. ಹಿತ್ತಲಿಗೆ ಕರ್ಕೊಂಡು ಹೋಗಿ ತಪ್ಪಾಯ್ತು ಅಂದ್ರೆ, ಮುಂದಿನೋನು ಏನೂ ಗೊತ್ತಿಲ್ದೆ ಬಂದು ಅದೇ ಕತ್ತರಿಗೆ ಕಿವಿ ಕೊಡ್ತಾನೆ."

"ಕೇಳಿಸ್ಕೊಂಡು ಎಲ್ಲಾರೂ ಎದ್ದು ಹೋದ್ರೆ?"

"ಹೋಗ್ತಾರೆ. ಕಿವಿ ಸಮೇತ ಹೋಗ್ತಾರೆ" ಎಂದು ಸ್ನಾನಕ್ಕೆ ಎದ್ದ.

ಅವಳು ಬರೆಯಲು ಕೂತಳು. ಮುನ್ನೂರು ಚಿಲ್ಲರೆ ಮಂದಿಗೆ. "ಹಳೆಯ ಕಪ್ಪು ಯಂತ್ರಗಳನ್ನು ಸ್ಪಿರಿಟ್‌ನಿಂದ ಒರೆಸಬೇಡಿ. ನಾನು ಕೊಟ್ಟ ಸಲಹೆ ತಪ್ಪು. ಹೂವಿನ ಮೇಲಿನ ಅರಗಿನ ಮೆರುಗು ಕರಗಿ ಹೂವು ಅಳಿಸಿಹೋಗುತ್ತದೆ ಎಂದು ಇತ್ತೀಚೆಗೆ ತಿಳಿದುಬಂದಿದೆ. ಹೊಲಿಗೆ ಯಂತ್ರದ ಎಣ್ಣೆ ಮತ್ತು ಮೆತ್ತನೆಯ ಬಟ್ಟೆ ಸಾಕು. ಕ್ಷಮೆ ಇರಲಿ."

ಆ 'ಇತ್ತೀಚೆಗೆ' ಎಂಬ ಮಾತನ್ನು ಬರೆಯುವಾಗ ಕೈ ಒಂದು ಗಳಿಗೆ ನಿಂತಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು ಅದು. ಬೇಸಿಗೆಯೂ ಇತ್ತೀಚೆಗೆ, ನಿನ್ನೆಯೂ ಇತ್ತೀಚೆಗೆ. ಯಾರಿಂದ ತಿಳಿದುಬಂತು ಎಂಬುದನ್ನೂ ಬರೆಯಲಿಲ್ಲ. ಒತ್ತಿ ಕಳಿಸಿಬಿಟ್ಟಳು.

ಒಂದು ಉತ್ತರವೂ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಎದ್ದವಳೇ ನೋಡಿದಳು, ಇಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಲಾಂಡ್ರಿಯ ಬಿಲ್ಲಿನ ಕಂಪ್ಯೂಟರಿನಲ್ಲಿ, ಯಜಮಾನರು ಕೈ ತೊಳೆಯಲು ಹೋದಾಗ ನೋಡಿದಳು, ಇಲ್ಲ. ಮೇಷ್ಟ್ರು ಓದಿದರೋ ಬಿಟ್ಟರೋ? ನಾಳೆ ಬೆಳಿಗ್ಗೆ ಮಕ್ಕಳು ಹತ್ತಿ ಹಿಡಿದು ನಿಲ್ಲುತ್ತಾರೋ ಏನೋ? ಆಗ ಹೊಳೆಯಿತು. ಎಲ್ಲರೂ ಓದಿದ್ದಾರೆ. 'ಓದಿದೆ' ಎಂದು ಒಂದು ಸಾಲು ಬರೆಯುವುದು ತಪ್ಪು ಎಂದು ಕಲಿಸಿದವಳು ತಾನು. ವಿದ್ಯಾರ್ಥಿಗಳು ಪಾಠ ಒಪ್ಪಿಸುತ್ತಿದ್ದಾರೆ.

ಅಲ್ಲೇ ನಿಂತುಕೊಂಡು ಬಳಗಕ್ಕೆ ಇನ್ನೊಂದು ಪತ್ರ ಬರೆದಳು. "ದಯವಿಟ್ಟು ಓದಿದವರು ಒಂದು ಸಾಲು ಬರೆಯಿರಿ. ನಿಯಮ ಬದಿಗಿರಲಿ. ಒಂದೇ ಒಂದು ಸಾಲು."

ಸಂಜೆ ಮನೆಯಲ್ಲಿ ತೆರೆದು ನೋಡಿದರೆ ಪೆಟ್ಟಿಗೆ ತುಂಬಿತ್ತು. 'ಓದಿದೆ.' 'ಓದಿದೆ ಅಕ್ಕ.' ಮೇಷ್ಟ್ರದ್ದೂ ಇತ್ತು: 'ಸ್ಪಿರಿಟ್ ವಾಪಸ್ ಕೊಟ್ಟೆವು. ಮಕ್ಕಳಿಗೆ ಎಣ್ಣೆ ಕೊಡುತ್ತೇವೆ.' ಶಾಲೆಯ ಯಂತ್ರಗಳು ಉಳಿದವು. ಆಮೇಲಿನದನ್ನು ಓದಿದಳು. 'ನನ್ನದೂ ಹೋಗಿತ್ತು.' ಮುಂದಿನದು: 'ನನ್ನ ಮಿಷನ್ನಿನ ಹಕ್ಕಿ ಅಳಿಸಿತು. ನನ್ನ ಕೈಯೇ ಒರಟು ಅಂದುಕೊಂಡಿದ್ದೆ.' 'ಅತ್ತೆಯದು. ಇನ್ನೂ ಅವರಿಗೆ ಹೇಳಿಲ್ಲ.' 'ಬೋಳಾದ ಮೇಲೆ ನೋಡಲಾಗದೆ ಮಾರಿಬಿಟ್ಟೆ.' 'ನನ್ನದೂ.' 'ನನ್ನದೂ.'

ಒಬ್ಬರೂ ಅವಳನ್ನು ದೂರಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಕೈಯನ್ನೇ ಬೈದುಕೊಂಡು ಸುಮ್ಮನಿದ್ದರು. 'ನನಗೂ ಹಾಗೇ ಆಯಿತು' ಎಂಬ ಒಂದು ಸಾಲನ್ನು ಮೊದಲನೆಯವರು ಬರೆದಿದ್ದರೆ ಎರಡನೆಯವರದು ಉಳಿಯುತ್ತಿತ್ತು. ಅದನ್ನೇ ಅವಳು ಹೆಸರು ಹಿಡಿದು ಬೇಡ ಎಂದಿದ್ದಳು. ಹೊರಗೆ ಅತ್ತೆ ಪಕ್ಕದ ಮನೆಯವರ ಜೊತೆ ನಗುತ್ತಿದ್ದುದು ಕೇಳುತ್ತಿತ್ತು. ಟೈಲರಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಬ್ಬೊಬ್ಬರಿಗೂ ಉತ್ತರ ಬರೆದಳು: ನಿಮ್ಮ ಕೈಯದಲ್ಲ, ನನ್ನ ಮಾತಿನ ತಪ್ಪು. ಹುಡುಗಿಗೂ ಬರೆದಳು: ಹೋದ ಹೂ ಬರುವುದಿಲ್ಲಮ್ಮ, ನೀನು ಏನೂ ತಪ್ಪು ಮಾಡಿಲ್ಲ.

ಅಷ್ಟಕ್ಕೆ ಮುಗಿದಿದ್ದರೆ ಅವಳ ಪುಣ್ಯ. ಶನಿವಾರ ಹೊಗಳಿಕೆ ಶುರುವಾಯಿತು. "ತಪ್ಪು ಗೊತ್ತಾದ ಕೂಡಲೇ ಎಲ್ಲರೆದುರು ಒಪ್ಪಿಕೊಂಡ ದೊಡ್ಡ ಮನಸ್ಸು" ಎಂದು ಒಬ್ಬರು, "ಇದಲ್ಲವೇ ಮರ್ಯಾದೆ" ಎಂದು ಇನ್ನೊಬ್ಬರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದನ್ನು ಕೇಳಿದ್ದೇವೆ. ಇವಳು ದೊಡ್ಡ ಮನಸ್ಸು ಎಂದರೆ ಮುಟ್ಟಿಕೊಳ್ಳುವಂತಾದಳು. ಇಷ್ಟು ಜನರ ನಡುವೆ ಒಬ್ಬರಿಗೆ ಸತ್ಯ ಗೊತ್ತಿತ್ತು. ಆ ಒಬ್ಬರು ಮಾತ್ರ 'ಓದಿದೆ' ಎಂದೂ ಬರೆಯಲಿಲ್ಲ, ಬಾಯೂ ಬಿಡಲಿಲ್ಲ.

ಭಾನುವಾರ ಸಂಜೆ ಹುಡುಗಿಯ ಪತ್ರ ಬಂತು. ಈ ಸಲ ಬಳಗಕ್ಕೇ ಬರೆದಿದ್ದಳು.

"ಅಮ್ಮ ಬಂದರು. ಬಂದವರೇ ಮಿಷನ್ ಹತ್ತಿರ ಹೋಗಿ ಕೈಯಾಡಿಸಿದರು. ಹೂವೆಲ್ಲಿ ಅಂದರು. ನಡೆದದ್ದು ಹೇಳಿದೆ. ಬೈಯಲಿಲ್ಲ. ನಿಂಗೆ ಹೇಳಿಕೊಟ್ಟೋರಿಗೆ ಹೀಗಾಗುತ್ತೆ ಅಂತ ಗೊತ್ತಿತ್ತಾ ಅಂತ ಕೇಳಿದರು. ಗೊತ್ತಿಲ್ಲದೆ ಆದರೆ ಯಾರೇನು ಮಾಡೋಕಾಗುತ್ತೆ, ಬಿಡು ಅಂದರು. ಇಲ್ಲಮ್ಮ, ಅಕ್ಕನಿಗೆ ಆಗ ಗೊತ್ತೇ ಇರಲಿಲ್ಲ, ಗೊತ್ತಾದ ಕೂಡಲೇ ಎಲ್ಲರಿಗೂ ಬರೆದರು ಅಂತ ಹೇಳಿದೆ. ಸರಿ ತಾನೇ ಅಕ್ಕ?"

ಟೈಲರಕ್ಕ ಪರದೆಯನ್ನು ನೋಡುತ್ತ ಕೂತಳು. ಹೌದಮ್ಮ ಎಂದರೆ ಸಾಕು. ಆ ತಾಯಿಗೆ ಸಮಾಧಾನ, ಮಗಳಿಗೆ ಸಮಾಧಾನ, ಬಳಗದ ಮುನ್ನೂರು ಮಂದಿಗೂ ಸಮಾಧಾನ. ಸುಳ್ಳೂ ಪೂರ್ತಿಯಲ್ಲ, ಸಲಹೆ ಬರೆದ ದಿನ ಅವಳಿಗೆ ಗೊತ್ತಿರಲಿಲ್ಲವಲ್ಲ. ಆದರೆ ಹುಡುಗಿ ಯಂತ್ರ ಒರೆಸಿದ ದಿನ? ಅಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಒಂದು ಬೇಸಿಗೆ, ಒಂದು ಮಳೆಗಾಲ ಅಂಚು ಮಡಚಿ ಒಳಗೆ ಹೊಲಿದುಕೊಂಡು ಕೂತಿದ್ದಳು. ಕಾರಣ ಏನು? ಒಬ್ಬ ಮುದುಕರ ಮುಂದೆ ಸಣ್ಣವಳಾಗಬಾರದೆಂದು.

ಗಂಡ ಬಂದು ಹಿಂದೆ ನಿಂತು ಪತ್ರ ಓದಿದ. "ಪಾಪ, ಒಳ್ಳೆ ತಾಯಿ. ಬರೆದುಬಿಡು, ಗೊತ್ತಿರ್ಲಿಲ್ಲ ಅಂತ."

"ಗೊತ್ತಿತ್ತು ರೀ."

"ಏನು?"

"ನಂಗೆ ಗೊತ್ತಿತ್ತು. ಬೇಸಿಗೆಯಲ್ಲೇ ಒಬ್ರು ಹೇಳಿದ್ರು. ನಿಮ್ಗೂ ಹೇಳ್ಲಿಲ್ಲ ನಾನು."

ಗಂಡ ಅವಳ ಹೆಗಲ ಮೇಲೆ ಕೈ ಇಟ್ಟು, ಒಂದು ಗಳಿಗೆ ನಿಂತು, ಒಳಗೆ ಹೋದ.

ಅವಳು ಮೊದಲು ಗುಂಡಿಮಾಮನಿಗೆ ಬರೆದಳು. "ಅಂದು ಎಲ್ಲರೆದುರು ನಿಮ್ಮನ್ನು ಹೀಯಾಳಿಸಿದೆ. ನಿಯಮ ಓದಲು ಬಾರದವಳು ನಾನು. ನನ್ನನ್ನು ಕ್ಷಮಿಸಿ ಎಂದು ಕೇಳುವ ಮುಖವೂ ಇಲ್ಲ. ಬೇಸಿಗೆಯಲ್ಲಿ ನೀವು ಬರೆದ ಪತ್ರವನ್ನು ಬಳಗಕ್ಕೆ ತೋರಿಸಲು ಒಪ್ಪಿಗೆ ಕೊಡುತ್ತೀರಾ?" ಒಬ್ಬರು ಒಬ್ಬರಿಗೇ ಬರೆದದ್ದನ್ನು ಕೇಳದೆ ಹತ್ತು ಜನರಿಗೆ ಹಂಚಬಾರದು. ಅದೂ ಅವಳದೇ ನಿಯಮ, ಮತ್ತು ಅದೊಂದು ಒಳ್ಳೆಯ ನಿಯಮ.

ಅಂಗಡಿಯಲ್ಲಿ ಗಿರಾಕಿ ಇರಲಿಲ್ಲವೇನೋ, ಉತ್ತರ ಬೇಗ ಬಂತು. ವಿಷಯ: 'ನಮಸ್ಕಾರ'. "ಧಾರಾಳವಾಗಿ ಹಾಕಮ್ಮ. ಆದರೆ ಅದನ್ನು ಹಾಕಿದರೆ ಎಲ್ಲರೂ ನಿನ್ನನ್ನು ಅನ್ನುತ್ತಾರೆ, ಯೋಚನೆ ಮಾಡು. ನಾನೂ ಹೆಂಡತಿಗೆ ಹೇಳದೆ ಬಹಳ ದಿನ ಯಂತ್ರದ ಮೇಲೆ ಬಟ್ಟೆ ಮುಚ್ಚಿಟ್ಟಿದ್ದೆ. ಬೆಕ್ಕು ಲೇಸಿನ ಡಬ್ಬದಲ್ಲಿ ಮರಿ ಹಾಕಿದೆ. ಲೇಸು ಯಾರೂ ಕೊಳ್ಳುತ್ತಿಲ್ಲ." ಕೆಳಗೆ ಬಾಲ ಉದ್ದಕ್ಕೆ ನೇತಾಡುತ್ತಿತ್ತು. ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

ಆಮೇಲೆ ಹುಡುಗಿಯ ಪತ್ರ ತೆರೆದು, ಎಲ್ಲರಿಗೂ ಹೋಗುವಂತೆ ಉತ್ತರ ಬರೆದಳು. "ಸರಿಯಲ್ಲಮ್ಮ. ನನಗೆ ಗೊತ್ತಿತ್ತು. ನೀನು ಒರೆಸುವುದಕ್ಕೆ ಬಹಳ ಮುಂಚೆಯೇ ಗುಂಡಿಮಾಮ ಹೇಳಿದ್ದರು. ಅಮ್ಮನಿಗೆ ಹಾಗೆಯೇ ಹೇಳು." ಅದರ ಕೆಳಗೆ ಗುಂಡಿಮಾಮನ ಪತ್ರವನ್ನು ತಾರೀಖಿನ ಸಮೇತ ಇಟ್ಟಳು. ಅದರ ಕೆಳಗೆ ತಾನು ಅಂದು ಕೊಟ್ಟ ಉತ್ತರ: 'ನೋಡುತ್ತೇನೆ.' ಅದರ ಕೆಳಗೆ, ತಲೆಕೆಳಗಾದ ಈ ಎಲ್ಲದರ ತುದಿಯಲ್ಲಿ, ಅವಳ ಮೊದಲ ಸಲಹೆ: 'ಕನ್ನಡಿಯ ಹಾಗೆ ಹೊಳೆಯುತ್ತದೆ.' ಅಷ್ಟುದ್ದದ ಬಾಲವನ್ನು ಅವಳು ಜನ್ಮದಲ್ಲಿ ಯಾರಿಗೂ ಕಳಿಸಿರಲಿಲ್ಲ. ಒಂದು ಸಾಲನ್ನೂ ಕತ್ತರಿಸದೆ ಒತ್ತಿದಳು.

ಮರುದಿನದಿಂದ ಕೆಲವರು ಬಳಗ ಬಿಟ್ಟರು. ಕೆಲವರು ಬೈದರು, ಎಲ್ಲರೆದುರೇ ಬೈದರು, ಅವಳು ಒಂದನ್ನೂ ಅಳಿಸಲಿಲ್ಲ. ಮೇಷ್ಟ್ರು ಫೋಟೋ ಕಳಿಸಿದರು, ಸಾಲಾಗಿ ಇಟ್ಟ ಯಂತ್ರಗಳ ಮೇಲೆ ಹೂಗಳೆಲ್ಲ ಇದ್ದವು. ಗುಂಡಿಮಾಮ ಬಳಗಕ್ಕೆ ಮತ್ತೆ 'ನಮಸ್ಕಾರ' ಎಂದು ಬರೆಯತೊಡಗಿದರು.

ಕೊರಿಯರ್ ಆಫೀಸಿನ ಹುಡುಗಿಯಿಂದ ಮಾತ್ರ ಉತ್ತರ ಬರಲಿಲ್ಲ. ಬಳಗವನ್ನೂ ಅವಳು ಬಿಟ್ಟಿಲ್ಲ. ಟೈಲರಕ್ಕ ಲಾಂಡ್ರಿಯಿಂದ ಬಂದು ಕಾಲು ತೊಳೆದು, ದಿನಾ ಸದಸ್ಯರ ಪಟ್ಟಿ ತೆರೆದು ಆ ಹೆಸರು ಇನ್ನೂ ಇದೆಯೇ ಎಂದು ನೋಡುತ್ತಾಳೆ.

"ಏನಾದ್ರೂ ಅಂದ್ಲಾ?" ಎಂದು ಗಂಡ ಕೇಳುತ್ತಾನೆ.

"ಇಲ್ಲ" ಎನ್ನುತ್ತಾಳೆ. "ಇದ್ದಾಳೆ."